ಖಾಲಿ ಮಾಡಿದ ಯಂತ್ರದಲ್ಲಿ ಉಳಿದ ದ್ರವ: ಓದುಗರ ಪ್ರಶ್ನೆ, ನನ್ನ ಉತ್ತರ

ಪ್ರಶ್ನೆ: ನಮ್ಮ ಪ್ರಯೋಗಾಲಯದಲ್ಲಿ ಮಿಶ್ರಣದ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಲಿಕ್ವಿಡ್ ಕ್ರೊಮ್ಯಾಟೊಗ್ರಾಫ್‌ನ ಪಂಪು ಕೆಟ್ಟಿದೆ. ರಿಪೇರಿಗೆ ತಯಾರಕರ ಬಳಿಗೇ ವಿಮಾನದಲ್ಲಿ ಕಳಿಸಬೇಕು. ತುಂಬ ದಿನ ನಿಲ್ಲಿಸುವುದಾದರೆ ಕೊಳವೆಗಳಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ತುಂಬಿಡಿ ಎಂದು ಕೈಪಿಡಿಯಲ್ಲಿದೆ, ಹಾಗೇ ತುಂಬಿಟ್ಟಿದ್ದೇವೆ. ಕೊರಿಯರ್ ಫಾರಂನಲ್ಲಿ 'ಅಪಾಯಕಾರಿ ಸರಕು ಇದೆಯೇ' ಎಂದು ಒಂದು ಕಾಲಂ. 'ಇದು ಯಂತ್ರ, ಕೆಮಿಕಲ್ ಅಲ್ಲ. ಇಲ್ಲ ಅಂತ ಬರಿ' ಎನ್ನುತ್ತಾರೆ ನಮ್ಮ ಹಿರಿಯರು. ಅದು ಸರಿಯೇ?
— ಒಬ್ಬ ಸಂಶೋಧನಾ ವಿದ್ಯಾರ್ಥಿನಿ

ಉತ್ತರ: ಸರಿಯಲ್ಲ. ಈಗ ಇರುವ ಸ್ಥಿತಿಯಲ್ಲಿ ಆ ಪಂಪು ಅಪಾಯಕಾರಿ ಸರಕೇ. ಆದರೆ ಕಳಿಸುವ ಮೊದಲು ನೀವು ಅರ್ಧ ದಿನದ ಕೆಲಸ ಮಾಡಿದರೆ 'ಇಲ್ಲ' ಎಂದು ಧೈರ್ಯವಾಗಿ ಬರೆಯಬಹುದು. ಆ ಅರ್ಧ ದಿನದ ಕೆಲಸ ಏನು, ಯಾಕೆ ಬೇಕು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಾನು ಬಹಳ ವರ್ಷ ಇಂಥ ಉಪಕರಣಗಳ ರಿಪೇರಿ ವಿಭಾಗದಲ್ಲಿದ್ದವನು. ಬೇರೆಯವರು ಕಟ್ಟಿ ಕಳಿಸಿದ ಪೆಟ್ಟಿಗೆಗಳನ್ನು ಬಿಚ್ಚುವುದೇ ನನ್ನ ಬೆಳಗಿನ ಕೆಲಸವಾಗಿತ್ತು. ಹಾಗಾಗಿ ಈ ಪ್ರಶ್ನೆ ನನಗೆ ಹತ್ತಿರದ್ದು.

ಸಾಗಣೆಯ ನಿಯಮಗಳು ಯಂತ್ರದ ಹೆಸರನ್ನು ನೋಡುವುದಿಲ್ಲ, ಅದರ ಒಳಗೆ ಏನಿದೆ ಎಂಬುದನ್ನು ನೋಡುತ್ತವೆ. ವಿಶ್ವಸಂಸ್ಥೆಯ ಮಾದರಿ ನಿಯಮಾವಳಿ ಅಪಾಯಕಾರಿ ಸರಕುಗಳನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸುತ್ತದೆ. ಕಿತ್ತಳೆ ಬಣ್ಣದ ರಟ್ಟಿನಿಂದಾಗಿ ಈ ಕ್ಷೇತ್ರದವರೆಲ್ಲ ಅದನ್ನು ಆರೆಂಜ್ ಬುಕ್ ಎಂದೇ ಕರೆಯುತ್ತಾರೆ. ವಿಮಾನದ ನಿಯಮ, ಹಡಗಿನ ನಿಯಮ, ರಸ್ತೆಯ ನಿಯಮ ಎಲ್ಲವೂ ಅದನ್ನೇ ತಳಹದಿಯಾಗಿ ಇಟ್ಟುಕೊಂಡಿವೆ. ಅದರಲ್ಲಿ ಮೂರನೇ ವರ್ಗ ಬೇಗ ಹೊತ್ತಿಕೊಳ್ಳುವ ದ್ರವಗಳದ್ದು. ಅಳತೆಗೋಲು ಫ್ಲ್ಯಾಶ್ ಪಾಯಿಂಟ್. ದ್ರವದಿಂದ ಏಳುವ ಆವಿ ಗಾಳಿಯೊಂದಿಗೆ ಬೆರೆತು, ಒಂದು ಕಿಡಿಗೆ ಹೊತ್ತಿಕೊಳ್ಳುವಷ್ಟು ಆಗುವ ಅತಿ ಕಡಿಮೆ ಉಷ್ಣಾಂಶ ಅದು. ಮುಚ್ಚಿದ ಬಟ್ಟಲಿನ ಪರೀಕ್ಷೆಯಲ್ಲಿ ಇದು 60 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಬಂದರೆ ಆ ದ್ರವ ಮೂರನೇ ವರ್ಗಕ್ಕೆ ಸೇರುತ್ತದೆ.

ನಿಮ್ಮ ಐಸೊಪ್ರೊಪೈಲ್ ಆಲ್ಕೋಹಾಲ್‌ನ ಫ್ಲ್ಯಾಶ್ ಪಾಯಿಂಟ್ ಸುಮಾರು 12 ಡಿಗ್ರಿ. ಅಂದರೆ ಸಾಧಾರಣ ಕೋಣೆಯ ಉಷ್ಣಾಂಶದಲ್ಲೇ ಅದು ಕಿಡಿಗಾಗಿ ಕಾಯುತ್ತಿರುತ್ತದೆ. ಆ ನಿಯಮಾವಳಿಯ ಪಟ್ಟಿಯಲ್ಲಿ ಅದಕ್ಕೆ ಯುಎನ್ 1219 ಎಂಬ ಸಂಖ್ಯೆ ಇದೆ, ಪ್ಯಾಕಿಂಗ್ ಗ್ರೂಪ್ ಎರಡು, ಅಂದರೆ ಮಧ್ಯಮ ಅಪಾಯ. ನಿಮ್ಮ ಕ್ರೊಮ್ಯಾಟೊಗ್ರಾಫ್‌ನಲ್ಲಿ ಓಡುವ ಬೇರೆ ದ್ರವಗಳೂ ಇದೇ ಗುಂಪಿನವು: ಅಸಿಟೊನೈಟ್ರೈಲ್ 2 ಡಿಗ್ರಿ, ಮೆಥನಾಲ್ 11 ಡಿಗ್ರಿ, ಹೆಕ್ಸೇನ್ ಅಂತೂ ಸೊನ್ನೆಗಿಂತ 20 ಡಿಗ್ರಿಗೂ ಕೆಳಗೆ.

'ಇದ್ದರೂ ಎಷ್ಟಿದ್ದೀತು, ನಾಲ್ಕು ಹನಿ' ಎಂದು ನಿಮ್ಮ ಹಿರಿಯರು ಹೇಳಬಹುದು. ಲೆಕ್ಕ ಹಾಕಿ ನೋಡೋಣ. 10 ಮಿಲಿಲೀಟರ್ ಐಸೊಪ್ರೊಪೈಲ್ ಆಲ್ಕೋಹಾಲ್ ಪೂರ್ತಿ ಆವಿಯಾದರೆ ಮೂರು ಲೀಟರಿಗೂ ಮಿಕ್ಕಿದ ಆವಿ. ಗಾಳಿಯಲ್ಲಿ ಆ ಆವಿ ನೂರಕ್ಕೆ ಎರಡು ಪಾಲು ಬೆರೆತರೆ ಸಾಕು, ಹೊತ್ತಿಕೊಳ್ಳುತ್ತದೆ. ಎರಡು ಚಮಚದಷ್ಟು ದ್ರವ 150 ಲೀಟರಿನಷ್ಟು ಗಾಳಿಯನ್ನು ಹೊತ್ತಿಕೊಳ್ಳುವ ಮಿಶ್ರಣ ಮಾಡಬಲ್ಲದು, ಅಂದರೆ ಒಂದು ದೊಡ್ಡ ಪೆಟ್ಟಿಗೆಯ ಒಳಗಿನ ಜಾಗ ಪೂರ್ತಿ. ಆ ಆವಿ ಗಾಳಿಗಿಂತ ಎರಡು ಪಟ್ಟು ಭಾರ, ಮೇಲೆ ಹಾರಿಹೋಗದೆ ಪೆಟ್ಟಿಗೆಯ ತಳದಲ್ಲೇ ಕೂರುತ್ತದೆ. ವಿಮಾನ ಮೇಲೇರಿದಂತೆ ಸರಕು ಕೋಣೆಯ ಒತ್ತಡ ಇಳಿಯುತ್ತದೆ. ನೆಲದ ಮೇಲೆ ತೊಟ್ಟಿಕ್ಕದ ಜೋಡಣೆಯಿಂದ ದ್ರವ ಹೊರಬರಲು ಅಷ್ಟು ಸಾಕು, ಜೊತೆಗೆ ಒತ್ತಡ ಕಡಿಮೆಯಾದಷ್ಟೂ ಫ್ಲ್ಯಾಶ್ ಪಾಯಿಂಟ್ ಕೂಡ ಕೆಳಗಿಳಿಯುತ್ತದೆ.

ಇದು ಬರೀ ಲೆಕ್ಕದ ಮಾತಲ್ಲ. 1996ರ ಸೆಪ್ಟೆಂಬರ್ 5ರಂದು ಅಮೆರಿಕದ ಮೆಂಫಿಸ್‌ನಿಂದ ಬಾಸ್ಟನ್‌ಗೆ ಹೊರಟಿದ್ದ ಡಿಸಿ-10 ಸರಕು ವಿಮಾನದಲ್ಲಿ, 33,000 ಅಡಿ ಎತ್ತರದಲ್ಲಿರುವಾಗ ಹೊಗೆಯ ಸೂಚನೆ ಬಂತು. ಪೈಲಟ್‌ಗಳು ನ್ಯೂಯಾರ್ಕ್ ರಾಜ್ಯದ ನ್ಯೂಬರ್ಗ್‌ನಲ್ಲಿರುವ ಸ್ಟೀವರ್ಟ್ ವಿಮಾನ ನಿಲ್ದಾಣಕ್ಕೆ ತಿರುಗಿಸಿ ಇಳಿಸಿದರು. ಒಳಗಿದ್ದ ಐದೂ ಮಂದಿ ಪಾರಾದರು. ವಿಮಾನ ಮಾತ್ರ ನೆಲದ ಮೇಲೇ ಸುಟ್ಟುಹೋಯಿತು. ಬೆಂಕಿಯ ಏಟು ಹೆಚ್ಚು ಬಿದ್ದ ಭಾಗದಲ್ಲಿ ಒಂದು ಡಿಎನ್‌ಎ ಸಿಂಥಸೈಜರ್ (ಡಿಎನ್‌ಎ ತುಣುಕುಗಳನ್ನು ತಯಾರಿಸುವ ಯಂತ್ರ) ಇತ್ತು. ನಿಮ್ಮ ಪಂಪಿನ ಹಾಗೇ ಪ್ರಯೋಗಾಲಯದ ಯಂತ್ರ, ಅದರಲ್ಲೂ ಅಸಿಟೊನೈಟ್ರೈಲ್, ಟೆಟ್ರಾಹೈಡ್ರೊಫ್ಯೂರಾನ್ ಓಡುತ್ತವೆ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ ತನಿಖೆ ಮಾಡಿತು. ಕಿಡಿ ಎಲ್ಲಿಂದ ಬಂತೆಂಬುದು ಕೊನೆಗೂ ಇತ್ಯರ್ಥವಾಗಲಿಲ್ಲ, ಆ ಯಂತ್ರವೇ ಕಾರಣ ಎಂದು ಮಂಡಳಿ ಹೇಳಲೂ ಇಲ್ಲ. ಆದರೆ ಎರಡು ಸಂಗತಿಗಳನ್ನು ಸ್ಪಷ್ಟವಾಗಿ ದಾಖಲಿಸಿತು. ಕಳಿಸುವ ಮೊದಲು ಯಂತ್ರದಿಂದ ಆ ದ್ರವಗಳನ್ನು ಪೂರ್ತಿ ಹೊರಹಾಕಿರಲಿಲ್ಲ. ಒಳಗೆ ದ್ರವ ಉಳಿದಿದೆ ಎಂಬುದು ಅದನ್ನು ಕಟ್ಟಿದವರಿಗೂ ಕಳಿಸಿದವರಿಗೂ ತಿಳಿದಿರಲಿಲ್ಲ.

ಆ ಎರಡನೆಯ ಸಂಗತಿಯನ್ನು ಓದಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಯಾರೂ ಸುಳ್ಳು ಹೇಳಿರಲಿಲ್ಲ. ಎಲ್ಲರೂ ಅದು ಖಾಲಿ ಎಂದೇ ನಂಬಿದ್ದರು.

ನನ್ನ ಮೇಜಿಗೆ ಬರುತ್ತಿದ್ದ ಎಷ್ಟೋ ಪಂಪುಗಳ ಜೊತೆ 'ದ್ರವ ಖಾಲಿ ಮಾಡಲಾಗಿದೆ' ಎಂಬ ಚೀಟಿ ಇರುತ್ತಿತ್ತು. ಮುಂಭಾಗದ ಕವಚ ತೆಗೆದು, ಪಂಪಿನ ತಲೆಗೆ ದ್ರವ ತರುವ ಬಿಳಿ ಟೆಫ್ಲಾನ್ ಕೊಳವೆಯ ನಟ್ಟನ್ನು ಕಾಲು ಸುತ್ತು ಸಡಿಲಿಸಿ, ಯಂತ್ರವನ್ನು ಸ್ವಲ್ಪ ಓರೆ ಮಾಡುತ್ತಿದ್ದೆ. ಕೊಳವೆಯ ಬಾಯಲ್ಲಿ ಮೊದಲು ಒಂದು ಹೊಳಪು ಕಾಣುತ್ತದೆ. ಅದು ದಪ್ಪವಾಗುತ್ತದೆ, ತೂಗುತ್ತದೆ, ಆಮೇಲೆ ಟಿಶ್ಯೂ ಕಾಗದದ ಮೇಲೆ ಬೀಳುತ್ತದೆ. ಒಂದು ಬಿದ್ದ ಮೇಲೆ ಎರಡನೆಯದು, ಮೂರನೆಯದು. ಕಾಗದದ ಮೇಲಿನ ಒದ್ದೆ ವೃತ್ತ ಅಂಚಿನಿಂದ ಒಳಕ್ಕೆ ಒಣಗುತ್ತಾ ಬರುವ ವೇಗ ನೋಡಿದರೇ ಅದು ನೀರಲ್ಲ ಎಂದು ತಿಳಿಯುತ್ತಿತ್ತು. ಚೀಟಿ ಬರೆದವರು ಮಾಡಿದ್ದೇನೆಂದರೆ, ಸೀಸೆಗಳಿಂದ ಕೊಳವೆಯ ತುದಿ ಎತ್ತಿ, ಪಂಪನ್ನು ಸ್ವಲ್ಪ ಹೊತ್ತು ಓಡಿಸಿ, ಹೊರಗೆ ದ್ರವ ಬರುವುದು ನಿಂತ ಕೂಡಲೇ ಸ್ವಿಚ್ ಆರಿಸಿದ್ದು. ಗಾಳಿ ಹೊಕ್ಕ ಪಂಪು ದ್ರವವನ್ನು ತಳ್ಳುವುದನ್ನು ನಿಲ್ಲಿಸುತ್ತದೆ, ಅಷ್ಟೇ. ಒಳಗಿನದು ಒಳಗೇ ಇರುತ್ತದೆ.

ಎಲ್ಲೆಲ್ಲಿ ಉಳಿಯುತ್ತದೆ? ಪಂಪಿನ ತಲೆಯಲ್ಲಿ, ದ್ರವವನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್‌ಗಳಲ್ಲಿ, ಒತ್ತಡದ ಏರಿಳಿತ ತಗ್ಗಿಸುವ ಡ್ಯಾಂಪರ್‌ನಲ್ಲಿ. ಎಲ್ಲಕ್ಕಿಂತ ಹೆಚ್ಚು, ದ್ರವದಲ್ಲಿ ಕರಗಿದ ಗಾಳಿ ತೆಗೆಯುವ ಡೀಗ್ಯಾಸರ್‌ನಲ್ಲಿ. ಹಳೆಯ ಮಾದರಿಯ ಡೀಗ್ಯಾಸರ್‌ಗಳಲ್ಲಿ ಒಂದೊಂದು ಸಾಲಿಗೆ ಕೆಲವು ಮಿಲಿಲೀಟರ್ ಹಿಡಿಯುವ ಸುರುಳಿ ಇರುತ್ತದೆ, ನಾಲ್ಕು ಸಾಲು ಎಂದರೆ ಸಣ್ಣ ಸೀಸೆಯಷ್ಟು. ಪಿಸ್ಟನ್ ಸೀಲ್ ತೊಳೆಯುವ ಪ್ರತ್ಯೇಕ ಕೊಳವೆಯನ್ನು ಮರೆಯದವರನ್ನು ನಾನು ಕಂಡದ್ದು ಕಡಿಮೆ. ಮಾದರಿಗಳನ್ನು ತಾನೇ ಒಳಗೆ ಹಾಕುವ ಆಟೋಸ್ಯಾಂಪ್ಲರ್ ಜೊತೆಗೇ ಹೋಗುವುದಾದರೆ ಸೂಜಿ ತೊಳೆಯುವ ಸೀಸೆಯನ್ನೂ ನೋಡಿ. ಸೋರಿಕೆ ಹಿಡಿಯಲು ಕೆಳಗಿಟ್ಟ ತಟ್ಟೆಯನ್ನೂ ಎತ್ತಿ ನೋಡಿ.

ಈಗ ಆ ಅರ್ಧ ದಿನದ ಕೆಲಸ. ಪಂಪು ತಕ್ಕಮಟ್ಟಿಗಾದರೂ ಓಡುತ್ತದೆ ಎಂದರೆ, ಎಲ್ಲ ಸಾಲುಗಳಿಗೂ ಶುದ್ಧ ನೀರು ಕೊಟ್ಟು, ಡೀಗ್ಯಾಸರ್ ಮೂಲಕವೇ ಸಾಕಷ್ಟು ಹೊತ್ತು ಓಡಿಸಿ. ಐಸೊಪ್ರೊಪೈಲ್ ಆಲ್ಕೋಹಾಲ್ ನೀರಿನಲ್ಲಿ ಪೂರ್ತಿ ಬೆರೆಯುತ್ತದೆ, ಅದರ ಜೊತೆಗೇ ಹೊರಟುಹೋಗುತ್ತದೆ. ಹೆಕ್ಸೇನ್ ಓಡಿಸುತ್ತಿದ್ದ ಯಂತ್ರವಾದರೆ ನೇರ ನೀರು ಕೊಡಬೇಡಿ, ಎರಡೂ ಬೆರೆಯುವುದಿಲ್ಲ, ಹೆಕ್ಸೇನ್ ಮೂಲೆಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್, ಆಮೇಲೆ ನೀರು. ಬಫರ್ ಉಪ್ಪುಗಳಿದ್ದ ಯಂತ್ರಕ್ಕೆ ಮೊದಲೇ ಆಲ್ಕೋಹಾಲ್ ಕೊಟ್ಟರೆ ಉಪ್ಪು ಕಟ್ಟಿಕೊಂಡು ಬಿಡುತ್ತದೆ, ಅಲ್ಲಿ ನೀರೇ ಮೊದಲು. ಪಂಪು ಓಡುವುದೇ ಇಲ್ಲ ಎಂದಾದರೆ ಸಿರಿಂಜ್ ಹಿಡಿದು ಒಂದೊಂದು ಸಾಲನ್ನೂ ಕೈಯಿಂದ ತೊಳೆಯಬೇಕು. ಬೇಸರದ ಕೆಲಸ, ಆದರೆ ಆಗುತ್ತದೆ. ಕೊನೆಗೆ ಒಣ ನೈಟ್ರೊಜನ್ ಅನ್ನು ಕಡಿಮೆ ಒತ್ತಡದಲ್ಲಿ ಹಾಯಿಸಿ. ಡೀಗ್ಯಾಸರ್‌ನ ಪೊರೆ ತೆಳುವಾದದ್ದು, ಅದರ ಕೈಪಿಡಿ ಹೇಳಿದ ಒತ್ತಡ ಮೀರಬೇಡಿ. ಬಿಸಿಗಾಳಿಯ ಗನ್ನು ಮಾತ್ರ ಹತ್ತಿರ ತರಬೇಡಿ.

ಇಲ್ಲಿ ಒಂದು ತೊಡಕಿದೆ, ಅದಕ್ಕೇ ನಿಮ್ಮ ಕೈಪಿಡಿ ಆಲ್ಕೋಹಾಲ್ ತುಂಬಿಡಿ ಎನ್ನುವುದು. ಬರೀ ನೀರು ಉಳಿದರೆ ಪಾಚಿ, ಬ್ಯಾಕ್ಟೀರಿಯಾ ಬೆಳೆಯುತ್ತವೆ. ದಾರಿಯಲ್ಲಿ ಹೆಪ್ಪುಗಟ್ಟುವ ಚಳಿ ಸಿಕ್ಕರೆ ಮಂಜುಗಡ್ಡೆಯಾಗಿ ಸೂಕ್ಷ್ಮ ಭಾಗಗಳು ಬಿರುಕು ಬಿಡುತ್ತವೆ. ಕೈಪಿಡಿ ಬರೆದವರು ಯಂತ್ರದ ಆರೋಗ್ಯ ನೋಡಿದ್ದಾರೆ, ವಿಮಾನದ್ದಲ್ಲ. ಎರಡಕ್ಕೂ ಹೊಂದುವ ದಾರಿ ನಿಯಮದಲ್ಲೇ ಇದೆ. ನೀರಿನಲ್ಲಿ ಎಥನಾಲ್ ಪರಿಮಾಣದ ಲೆಕ್ಕದಲ್ಲಿ ಶೇಕಡ 24ಕ್ಕಿಂತ ಹೆಚ್ಚಿಲ್ಲದಿದ್ದರೆ ಆ ದ್ರಾವಣಕ್ಕೆ ಅಪಾಯಕಾರಿ ಸರಕಿನ ನಿಯಮಗಳು ಅನ್ವಯವಾಗುವುದಿಲ್ಲ. ವಿಮಾನ ನಿಯಮದಲ್ಲಿ ಇದು ವಿಶೇಷ ಷರತ್ತು ಎ58, ಆರೆಂಜ್ ಬುಕ್‌ನಲ್ಲಿ 144. ಪ್ರೋಟೀನ್ ಶುದ್ಧೀಕರಣದ ಕಾಲಂಗಳನ್ನು (ದ್ರವ ಹಾಯಿಸುವ ನಾಳಗಳನ್ನು) ಶೇಕಡ 20ರ ಎಥನಾಲ್‌ನಲ್ಲಿ ಇಡುವ ರೂಢಿ ನಿಮಗೆ ಗೊತ್ತಿರುತ್ತದೆ. ಅದೇ ದ್ರಾವಣ ಇಲ್ಲಿಗೂ ಒದಗುತ್ತದೆ. ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಸೊನ್ನೆಗಿಂತ ಕೆಲವು ಡಿಗ್ರಿ ಕೆಳಗಿನವರೆಗೆ ಹೆಪ್ಪುಗಟ್ಟುವುದಿಲ್ಲ. ಅದರ ಫ್ಲ್ಯಾಶ್ ಪಾಯಿಂಟ್ 60ಕ್ಕಿಂತ ಕಡಿಮೆಯೇ, ಸುಮಾರು 36. ಆದರೂ ನಿಯಮ ಅದನ್ನು ಹೊರಗಿಟ್ಟಿದೆ, ಅಷ್ಟು ನೀರಿನ ನಡುವೆ ಬೆಂಕಿ ನಿಲ್ಲುವುದು ಕಷ್ಟ. ನೀರಿನಿಂದ ಚೆನ್ನಾಗಿ ತೊಳೆದ ಮೇಲೆ ಮಾತ್ರ ಇದನ್ನು ತುಂಬಿ. ಹಳೆಯ ಆಲ್ಕೋಹಾಲ್ ಮೇಲೆಯೇ ಸುರಿದರೆ ಶೇಕಡ ಎಷ್ಟಾಯಿತು ಎಂದು ಯಾರೂ ಹೇಳಲಾರರು.

ಕೆಲಸ ಮುಗಿದ ಮೇಲೆ ಒಂದು ಹಾಳೆಯಲ್ಲಿ ಯಾವ ದ್ರವ ಇತ್ತು, ಯಾವುದರಿಂದ ತೊಳೆದಿರಿ, ಈಗ ಒಳಗೆ ಏನಿದೆ, ಯಾವ ದಿನ, ಯಾರು ಮಾಡಿದರು ಎಂದು ಬರೆದು ಸಹಿ ಹಾಕಿ ಪೆಟ್ಟಿಗೆಯ ಒಳಗೊಂದು, ಹೊರಗೊಂದು ಪ್ರತಿ ಇಡಿ. 'ಖಾಲಿ' ಎಂಬ ಒಂದೇ ಪದ ಬರೆದು ಬಿಡಬೇಡಿ. ತೊಳೆಯದ ಖಾಲಿ ಡಬ್ಬಿಯನ್ನು ಕೂಡ ನಿಯಮ ತುಂಬಿದ ಡಬ್ಬಿಯಂತೆಯೇ ಕಾಣುತ್ತದೆ, ಒಳಗಿನ ಆವಿ ಹೋಗುವವರೆಗೂ.

ಪ್ರಶ್ನೆ: ಶಾಖ ವರ್ಗಾವಣೆ ತೋರಿಸಲು ನಾವೊಂದು ಉಪಕರಣ ಮಾಡಿದ್ದೇವೆ. ಮುಚ್ಚಿ ಬೆಸೆದ ಲೋಹದ ನಾಳದೊಳಗೆ ಸುಮಾರು 200 ಮಿಲಿಲೀಟರ್ ಅಸಿಟೋನ್ ಇದೆ. ಅದನ್ನು ತೆಗೆದರೆ ಉಪಕರಣವೇ ಇಲ್ಲ. ಇದನ್ನು ಕಳಿಸುವುದೇ ಸಾಧ್ಯವಿಲ್ಲವೇ?
— ಭೌತಶಾಸ್ತ್ರದ ಅಧ್ಯಾಪಕರು

ಉತ್ತರ: ಸಾಧ್ಯ. ಆದರೆ ಅಪಾಯಕಾರಿ ಸರಕು ಎಂದು ಘೋಷಿಸಿಯೇ ಕಳಿಸಬೇಕು. ಬೆಸೆದು ಮುಚ್ಚಿದ್ದರಿಂದ ಒಳಗಿನ ಅಸಿಟೋನ್ ಬೇರೆ ವಸ್ತುವಾಗುವುದಿಲ್ಲ. ಅದರ ಫ್ಲ್ಯಾಶ್ ಪಾಯಿಂಟ್ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೆ.

ನಿಮ್ಮಂಥ ಉಪಕರಣಗಳಿಗೆಂದೇ ಯುಎನ್ 3363 ಎಂಬ ಸಂಖ್ಯೆ ಇದೆ. ಯಂತ್ರ, ಉಪಕರಣ ಅಥವಾ ವಸ್ತುವಿನ ಒಳಗೆ ಅದರ ಅಂಗವಾಗಿಯೇ ಇರುವ ಅಪಾಯಕಾರಿ ಸರಕಿಗೆ ಅದು. ಒಳಗಿನದು ಮೂರನೇ ವರ್ಗದ ದ್ರವವಾದರೂ ಹೊರಗೆ ಅಂಟಿಸುವ ಲೇಬಲ್ ಒಂಬತ್ತನೇ ವರ್ಗದ್ದು. ವಿಮಾನದಲ್ಲಾದರೆ ಪ್ಯಾಕಿಂಗ್ ಸೂಚನೆ 962 ಅನ್ವಯ. ಅದರ ಪ್ರಕಾರ ಒಂದು ಪೆಟ್ಟಿಗೆಯಲ್ಲಿ ದ್ರವ ಒಟ್ಟು ಅರ್ಧ ಲೀಟರ್ ಮೀರಬಾರದು. ನಿಮ್ಮದು 200 ಮಿಲಿಲೀಟರ್, ಮಿತಿಯೊಳಗೇ ಇದೆ. ಗಟ್ಟಿ ಹೊರಪೆಟ್ಟಿಗೆ, ಅಲುಗದ ಹಾಗೆ ಒಳಗೆ ಬಿಗಿ, ಯಾವ ಕಡೆ ಮೇಲೆ ಎಂದು ತೋರಿಸುವ ಬಾಣಗಳು, ಜೊತೆಗೆ ಕಳಿಸುವವರ ಘೋಷಣಾ ಪತ್ರ. ಆ ಪತ್ರಕ್ಕೆ ಸಹಿ ಹಾಕುವವರು ತರಬೇತಿ ಪಡೆದವರಾಗಿರಬೇಕು, ವಿಮಾನ ನಿಯಮದಲ್ಲಿ ಆ ತರಬೇತಿ 24 ತಿಂಗಳಿಗೊಮ್ಮೆ ನವೀಕರಣವಾಗಬೇಕು. ಕಾಲೇಜಿನಲ್ಲಿ ಅಂಥವರಿಲ್ಲದಿದ್ದರೆ ತರಬೇತಿ ಇರುವ ಸಾಗಣೆ ಏಜೆಂಟರಿಂದ ಮಾಡಿಸಿ.

ದ್ರವ ಅರ್ಧ ಲೀಟರ್ ದಾಟಿದರೆ ಕಥೆ ಬೇರೆ. ಹೊತ್ತಿಕೊಳ್ಳುವ ದ್ರವ ಇರುವ ವಸ್ತುಗಳಿಗೆ ಯುಎನ್ 3540 ಎಂಬ ಪ್ರತ್ಯೇಕ ಸಂಖ್ಯೆ ಈಗ ಇದೆ. 3537ರಿಂದ 3548ರವರೆಗಿನ ಈ ಸಾಲು ಆರೆಂಜ್ ಬುಕ್‌ಗೆ ಸೇರಿದ್ದು 2017ರ ಪರಿಷ್ಕರಣೆಯಲ್ಲಿ. ಆ ಸಂಖ್ಯೆಯಡಿ ವಿಮಾನದಲ್ಲಿ ಕಳಿಸಲು ಸರ್ಕಾರಿ ಪ್ರಾಧಿಕಾರದ ವಿಶೇಷ ಅನುಮತಿ ಬೇಕು. ಹಡಗು, ರಸ್ತೆಯ ದಾರಿ ಸುಲಭ. ನನ್ನನ್ನು ಕೇಳಿದರೆ, ಇಂಥ ಉಪಕರಣ ವಿನ್ಯಾಸ ಮಾಡುವಾಗಲೇ ಒಂದು ತುಂಬುವ ವಾಲ್ವ್ ಇಟ್ಟು ಬಿಡುವುದು ಒಳ್ಳೆಯದು. ಖಾಲಿ ಮಾಡಿ, ಒಣಗಿಸಿ ಕಳಿಸಿದರೆ ಅಲ್ಲಿಯವರು ತಮ್ಮ ಅಸಿಟೋನನ್ನೇ ತುಂಬಿಕೊಳ್ಳುತ್ತಾರೆ. ಅದು ಸಿಗದ ಪ್ರಯೋಗಾಲಯವಿಲ್ಲ.

ಯಾವ ದಾರಿಯಾದರೂ, ಅಂಚೆಯಲ್ಲಿ ಹಾಕಬೇಡಿ. ಅಂತರರಾಷ್ಟ್ರೀಯ ಅಂಚೆಯಲ್ಲಿ ಹೊತ್ತಿಕೊಳ್ಳುವ ದ್ರವಗಳಿಗೆ ನಿಷೇಧವಿದೆ.

ಪೆಟ್ಟಿಗೆಯೊಳಗೆ ಸೋರಿಕೆ ಹೀರಲು ಏನು ಹಾಕುತ್ತೀರಿ ಎಂಬುದೂ ಮುಖ್ಯ. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮರದ ಹೊಟ್ಟು ಬೇಡ, ವರ್ಮಿಕ್ಯುಲೈಟ್‌ನಂಥ ಉರಿಯದ ವಸ್ತು ಹಾಕಿ. 1973ರ ನವೆಂಬರ್ 3ರಂದು ಬಾಸ್ಟನ್‌ನ ಲೋಗನ್ ನಿಲ್ದಾಣದಲ್ಲಿ ಬೋಯಿಂಗ್ 707 ಸರಕು ವಿಮಾನವೊಂದು ಇಳಿಯುವಾಗ ಬಿದ್ದು ಮೂವರು ಸಿಬ್ಬಂದಿ ಸತ್ತರು. ಕಾಕ್‌ಪಿಟ್‌ನಲ್ಲಿ ಹೊಗೆ ತುಂಬಿತ್ತು. ಸೋರಿದ ನೈಟ್ರಿಕ್ ಆಮ್ಲ, ಸೀಸೆಗಳ ಸುತ್ತ ತುಂಬಿದ್ದ ಮರದ ಹೊಟ್ಟಿಗೆ ತಗುಲಿದ್ದೇ ಆ ಹೊಗೆಯ ಮೂಲವಿರಬೇಕೆಂದು ತನಿಖೆ ಕಂಡಿತು. ಆಮ್ಲದ ಮಾತು ಬೇರೆ, ಅಸಿಟೋನ್ ಮಾತು ಬೇರೆ. ಆದರೆ ಆಸರೆಗೆಂದು ಹಾಕಿದ ವಸ್ತುವೇ ಉರಿಗೆ ಮೇವಾಗಬಾರದು ಎಂಬುದು ಎರಡಕ್ಕೂ ಒಂದೇ.

ಪ್ರಶ್ನೆ: ಕೆಮಿಕಲ್ ಜೊತೆ ಬರುವ ಸುರಕ್ಷತಾ ಮಾಹಿತಿ ಪತ್ರವನ್ನು ಹೇಗೆ ಓದಬೇಕು? ನಮ್ಮ ಪ್ರಯೋಗಾಲಯದ ಬಿಸಿ ತೊಟ್ಟಿಗೆ (ಬಾತ್) ತುಂಬುವ ಎಣ್ಣೆಯ ಪತ್ರದಲ್ಲಿ 'ಉರಿಯಬಲ್ಲ ದ್ರವ' ಎಂದಿದೆ, ಸಾಗಣೆಯ ಜಾಗದಲ್ಲಿ 'ನಿರ್ಬಂಧವಿಲ್ಲ' ಎಂದಿದೆ. ಯಾವುದು ಸುಳ್ಳು?

ಉತ್ತರ: ಎರಡೂ ನಿಜ. ಕೆಲಸದ ಜಾಗದ ವರ್ಗೀಕರಣ 93 ಡಿಗ್ರಿ ಫ್ಲ್ಯಾಶ್ ಪಾಯಿಂಟ್‌ವರೆಗಿನ ದ್ರವಗಳನ್ನೂ ಎಚ್ಚರಿಕೆಯ ಪಟ್ಟಿಗೆ ಸೇರಿಸುತ್ತದೆ, ಸಾಗಣೆಯ ನಿಯಮ 60ಕ್ಕೆ ನಿಲ್ಲುತ್ತದೆ. ನಿಮ್ಮ ಎಣ್ಣೆ ಈ ಎರಡರ ನಡುವೆ ಇರಬೇಕು. ಪತ್ರದಲ್ಲಿ 16 ವಿಭಾಗಗಳಿರುತ್ತವೆ. ಫ್ಲ್ಯಾಶ್ ಪಾಯಿಂಟ್ ಒಂಬತ್ತನೆಯದರಲ್ಲಿ, ಯುಎನ್ ಸಂಖ್ಯೆ ಮತ್ತು ಸಾಗಣೆಯ ವಿವರ ಹದಿನಾಲ್ಕನೆಯದರಲ್ಲಿ. ಎರಡನ್ನೂ ಓದಿ. ಆ ಪತ್ರ ಸೀಸೆಯಲ್ಲಿನ ಹೊಸ ದ್ರವದ ಬಗ್ಗೆ ಹೇಳುತ್ತದೆ, ನಿಮ್ಮ ಯಂತ್ರದೊಳಗೆ ವರ್ಷಗಟ್ಟಲೆ ಓಡಿ ಬೇರೆಯದರ ಜೊತೆ ಬೆರೆತ ದ್ರವದ ಬಗ್ಗೆ ಅಲ್ಲ ಎಂಬುದು ನೆನಪಿರಲಿ.

ಪ್ರಶ್ನೆ: ಕೆಂಪು ದ್ರವದ ಥರ್ಮಾಮೀಟರ್‌ಗಳನ್ನು ಇನ್ನೊಂದು ಶಾಲೆಗೆ ಕಳಿಸಬೇಕು. ಪಾದರಸದವು ಬೇಡ, ಅಪಾಯ ಎಂದು ಇವನ್ನು ಆರಿಸಿದ್ದೇವೆ. ಇವಕ್ಕೂ ಘೋಷಣೆ ಬೇಕೇ?
— ಶಾಲಾ ಶಿಕ್ಷಕಿ

ಉತ್ತರ: ಆಯ್ಕೆ ಒಳ್ಳೆಯದು. ಆ ಕೆಂಪು ದ್ರವ ಸಾಮಾನ್ಯವಾಗಿ ಬಣ್ಣ ಹಾಕಿದ ಎಥನಾಲ್, ಕೆಲವದರಲ್ಲಿ ಸೀಮೆಎಣ್ಣೆ, ಟಾಲ್ವೀನ್. ಹೊತ್ತಿಕೊಳ್ಳುವವೇ, ಆದರೆ ಒಂದೊಂದರಲ್ಲಿ ಇರುವುದು ಒಂದು ಮಿಲಿಲೀಟರಿಗಿಂತ ಕಡಿಮೆ. ಅತ್ಯಲ್ಪ ಪ್ರಮಾಣಕ್ಕೆಂದು ನಿಯಮದಲ್ಲಿ ಒಂದು ವಿನಾಯಿತಿ ಇದೆ: ಒಳಗಿನ ಒಂದೊಂದು ಪಾತ್ರೆಯಲ್ಲಿ 1 ಮಿಲಿಲೀಟರ್, ಇಡೀ ಪೆಟ್ಟಿಗೆಯಲ್ಲಿ 100 ಮಿಲಿಲೀಟರ್ ಮೀರದಿದ್ದರೆ, ಮೆತ್ತೆ, ಹೀರುವ ವಸ್ತು ಸರಿಯಾಗಿದ್ದು ಪೆಟ್ಟಿಗೆ 1.8 ಮೀಟರ್ ಎತ್ತರದಿಂದ ಬಿದ್ದರೂ ತಡೆಯುವಂತಿದ್ದರೆ. ನಿಮ್ಮ ಥರ್ಮಾಮೀಟರ್‌ಗಳಿಗೆ ನಾನು ನೋಡುವ ದಾರಿ ಇದೇ. ಸಾಗಿಸುವವರಿಗೆ ಒಳಗೇನಿದೆ ಎಂದು ಹೇಳಿ, ಅವರ ಒಪ್ಪಿಗೆ ಪಡೆದೇ ಕಟ್ಟಿ. ಕೆಲವು ಕಂಪನಿಗಳು ನಿಯಮ ಬಿಟ್ಟದ್ದನ್ನೂ ತಾವು ಬಿಡುವುದಿಲ್ಲ.

ಮೂಲೆಯಲ್ಲಿ ಉಳಿದ ಪಾದರಸದ ಥರ್ಮಾಮೀಟರ್ ಒಂದೂ ಆ ಪೆಟ್ಟಿಗೆಗೆ ಸೇರದ ಹಾಗೆ ನೋಡಿ. ಅದು ಯುಎನ್ 3506, ಎಂಟನೇ ವರ್ಗ. ಆ ವರ್ಗ ಲೋಹ ತಿನ್ನುವ ವಸ್ತುಗಳದ್ದು. ಪಾದರಸ ಅಲ್ಯೂಮಿನಿಯಂ ಜೊತೆ ಬೆರೆತು ಅದನ್ನು ಪುಡಿಪುಡಿ ಮಾಡುತ್ತದೆ, ವಿಮಾನದ ಮೈಯೇ ಅಲ್ಯೂಮಿನಿಯಂ.

ಪ್ರಶ್ನೆ: ಆಲ್ಕೋಹಾಲ್‌ನಲ್ಲಿಟ್ಟ ಕೀಟಗಳನ್ನು ಗುರುತು ಹಿಡಿಯಲು ತಜ್ಞರ ಬಳಿಗೆ ಒಯ್ಯಬೇಕು. ವಿಮಾನದಲ್ಲಿ ಬಿಡುತ್ತಾರೆಯೇ?

ಉತ್ತರ: ಬಿಡುತ್ತಾರೆ, ಕ್ರಮ ಪಾಲಿಸಿದರೆ. ವಿಶೇಷ ಷರತ್ತು ಎ180 ಇದಕ್ಕೆಂದೇ ಇದೆ. ರೋಗ ಹರಡದ ಮಾದರಿಗಳಾಗಿರಬೇಕು. ಒಂದು ಸೀಸೆಯಲ್ಲಿ ಆಲ್ಕೋಹಾಲ್ 30 ಮಿಲಿಲೀಟರ್ ಮೀರಬಾರದು, ಇಡೀ ಪೆಟ್ಟಿಗೆಯಲ್ಲಿ ಒಂದು ಲೀಟರ್. ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಸಿಯಿಂದ ಮುಚ್ಚಿ, ಅದನ್ನು ಹೀರುವ ವಸ್ತುವಿನ ಜೊತೆ ಇನ್ನೊಂದು ಚೀಲದಲ್ಲಿ ಮುಚ್ಚಿ, ಆಮೇಲೆ ಗಟ್ಟಿ ಪೆಟ್ಟಿಗೆ. ಸಂಶೋಧನಾ ಮಾದರಿ, ನಿರ್ಬಂಧವಿಲ್ಲ, ಎ180 ಅನ್ವಯ ಎಂಬ ಬರಹ ಹೊರಗೆ ಇರಲಿ. ಪ್ರಯಾಣಿಕರು ತಮ್ಮ ಸಾಮಾನಿನಲ್ಲೂ ಹೀಗೆ ಒಯ್ಯಬಹುದು. ನನ್ನ ಸಲಹೆ: ಕೀಟ ಗಟ್ಟಿಯಾಗಿ ಸ್ಥಿರವಾದ ಮೇಲೆ ದ್ರವವನ್ನು ಬಹುಪಾಲು ಬಸಿದು, ಆಲ್ಕೋಹಾಲ್‌ನಲ್ಲಿ ನೆನೆಸಿದ ಬಟ್ಟೆಯಲ್ಲಿ ಸುತ್ತಿ ಒಯ್ಯಿರಿ. ಷರತ್ತು ಅದಕ್ಕೂ ಒಪ್ಪುತ್ತದೆ, ಕಾಲು ಮೀಸೆ ಮುರಿಯುವುದೂ ಕಡಿಮೆ.

ಪ್ರಶ್ನೆ: ಪಾರ್ಸೆಲ್ ಒಯ್ಯಲು ಬಂದವರು 'ಅಪಾಯಕಾರಿ ಅಂತ ಬರೆದರೆ ತಡವಾಗುತ್ತೆ, ಬರೀ ಬಿಡಿಭಾಗ ಅಂತ ಬರೆಯಿರಿ' ಎಂದರು. ಅವರೇ ಹೇಳಿದ ಮೇಲೆ ಜವಾಬ್ದಾರಿ ಅವರದ್ದಲ್ಲವೇ?

ಉತ್ತರ: ಅಲ್ಲ. ಸರಕು ಯಾವ ವರ್ಗದ್ದು ಎಂದು ನಿರ್ಧರಿಸುವ ಹೊಣೆ ಎಲ್ಲ ನಿಯಮಾವಳಿಗಳಲ್ಲೂ ಕಳಿಸುವವರದ್ದೇ. ಪೆಟ್ಟಿಗೆಯ ಒಳಗೆ ಏನಿದೆ ಎಂದು ಬಲ್ಲವರು ನೀವೊಬ್ಬರೇ. ಬಾಗಿಲಿಗೆ ಬಂದವರಿಗೆ ಅದು ಗೊತ್ತಾಗುವುದಿಲ್ಲ, ಪೈಲಟ್‌ಗಂತೂ ಆಗುವುದೇ ಇಲ್ಲ. ಘೋಷಿಸಿದ ಸರಕು ವಿಮಾನದಲ್ಲಿ ಎಲ್ಲಿದೆ, ಏನಿದೆ, ಎಷ್ಟಿದೆ ಎಂಬ ಪಟ್ಟಿ ಪೈಲಟ್ ಕೈಗೆ ಹೋಗುತ್ತದೆ. ಹೊಗೆ ಕಂಡಾಗ ಅವರು ನೋಡುವುದು, ನೆಲದ ಮೇಲೆ ಬೆಂಕಿ ಆರಿಸುವವರು ಕೇಳುವುದು ಅದನ್ನೇ. ಬಿಡಿಭಾಗ ಎಂದು ಬರೆದ ಪೆಟ್ಟಿಗೆ ಆ ಪಟ್ಟಿಯಲ್ಲಿ ಇರುವುದಿಲ್ಲ. ಎರಡು ದಿನ ತಡವಾಗಲಿ, ಹಾಗೆ ಬರೆಯಬೇಡಿ.

ಪ್ರಶ್ನೆ: ರೋಟರಿ ವ್ಯಾಕ್ಯೂಮ್ ಪಂಪಿನ ಎಣ್ಣೆಯನ್ನೂ ತೆಗೆಯಬೇಕೇ? ಅದರ ಫ್ಲ್ಯಾಶ್ ಪಾಯಿಂಟ್ 200 ಡಿಗ್ರಿಗೂ ಮೇಲಿದೆ.

ಉತ್ತರ: ಹೊಸ ಎಣ್ಣೆಯ ಮಾತಾದರೆ ಅದು ಅಪಾಯಕಾರಿ ಸರಕಲ್ಲ. ಆದರೆ ಆ ಪಂಪನ್ನು ರೋಟರಿ ಇವಾಪರೇಟರ್‌ಗೋ ಫ್ರೀಜ್ ಡ್ರೈಯರ್‌ಗೋ ಬಳಸಿದ್ದರೆ, ಎಳೆದ ದ್ರಾವಕದ ಆವಿಯೆಲ್ಲ ಎಣ್ಣೆಯಲ್ಲಿ ತಂಪಾಗಿ ಕರಗಿ ಕೂತಿರುತ್ತದೆ. ಸ್ವಲ್ಪ ಈಥರ್ ಅಥವಾ ಹೆಕ್ಸೇನ್ ಬೆರೆತರೂ ಆ 200ರ ಅಂಕಿಗೆ ಅರ್ಥವಿಲ್ಲ. ಆದ್ದರಿಂದ ಫ್ಯೂಮ್ ಹುಡ್‌ನಲ್ಲಿ ಗ್ಯಾಸ್ ಬ್ಯಾಲಸ್ಟ್ (ಪಂಪಿನೊಳಗೆ ಸ್ವಲ್ಪ ಗಾಳಿ ಬಿಡುವ ವಾಲ್ವ್) ತೆರೆದು ಪಂಪು ಬಿಸಿಯಾಗುವವರೆಗೆ ಓಡಿಸಿ, ಎಣ್ಣೆ ಬೆಚ್ಚಗಿರುವಾಗಲೇ ಪೂರ್ತಿ ಬಸಿಯಿರಿ. ಸ್ವಲ್ಪ ಹೊಸ ಎಣ್ಣೆ ಹಾಕಿ ಒಂದೆರಡು ನಿಮಿಷ ತಿರುಗಿಸಿ ಅದನ್ನೂ ಬಸಿಯಿರಿ. ಹೊರಹೋಗುವ ಬಾಯಿಯ ಫಿಲ್ಟರ್ ಬಿಚ್ಚಿ ಬೇರೆ ಇಡಿ, ವಾಸನೆ ಹೆಚ್ಚು ಉಳಿಯುವುದು ಅದರಲ್ಲೇ. ಎರಡೂ ಬಾಯಿಗಳಿಗೆ ಮುಚ್ಚಳ ಹಾಕಿ, ಎಣ್ಣೆ ಇಲ್ಲ ಎಂಬ ಚೀಟಿಯನ್ನು ಸ್ವಿಚ್ಚಿನ ಮೇಲೆಯೇ ಅಂಟಿಸಿ. ಇಲ್ಲದಿದ್ದರೆ ಅಲ್ಲಿ ಬಿಚ್ಚಿದವರು ಒಣ ಪಂಪನ್ನೇ ಓಡಿಸಿಬಿಡುತ್ತಾರೆ.